ಓದುಗರ ಲೆಕ್ಕ ಇಡಿ, ಅವರ ಗುಟ್ಟು ಬಿಟ್ಟುಕೊಡಬೇಡಿ: ಅನಲಿಟಿಕ್ಸ್ ಬಳಸುವವರಿಗೊಂದು ಮಾರ್ಗದರ್ಶಿ

ಜಾಲತಾಣ ಶುರು ಮಾಡಿದವರು ಮೊದಲ ವಾರದಲ್ಲೇ ಮಾಡುವ ಕೆಲಸವೊಂದಿದೆ. ಯಾವುದಾದರೂ ಅನಲಿಟಿಕ್ಸ್ ಸೇವೆಯಲ್ಲಿ ಖಾತೆ ತೆರೆದು, ಅವರು ಕೊಟ್ಟ ನಾಲ್ಕು ಸಾಲಿನ ಕೋಡನ್ನು ತಮ್ಮ ಪುಟಗಳಲ್ಲಿ ಅಂಟಿಸುವುದು. ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಏನು ಓದಿದರು ಎಂದು ತಿಳಿಯುವ ಆಸೆಯಲ್ಲಿ ತಪ್ಪೇನೂ ಇಲ್ಲ. ಬರೆಯುವವರಿಗೆ ಓದುವವರಿದ್ದಾರೋ ಇಲ್ಲವೋ ಗೊತ್ತಾಗಬೇಕಲ್ಲ. ಆದರೆ ಓದುಗರು ಬಂದದ್ದು ನಿಮ್ಮ ಪುಟಕ್ಕೆ. ಅವರು ಬಂದ ಸುದ್ದಿ ಅದೇ ಗಳಿಗೆಯಲ್ಲಿ ಇನ್ನೊಂದು ಕಂಪನಿಯ ಸರ್ವರ್‌ಗೂ ತಲುಪುತ್ತದೆ. ಕಳಿಸುತ್ತಿರುವವರು ಓದುಗರಲ್ಲ, ನೀವು. ಹಾಗಾಗಿ ಏನು ಕಳಿಸಬೇಕು, ಏನು ಕಳಿಸಬಾರದು ಎಂದು ತೀರ್ಮಾನಿಸುವ ಹೊಣೆಯೂ ನಿಮ್ಮದೇ.

ಅನಲಿಟಿಕ್ಸ್ ಅನ್ನೇ ಕಿತ್ತು ಹಾಕಿ ಎಂದು ನಾನು ಹೇಳುತ್ತಿಲ್ಲ. ನಿಮಗೆ ನಿಜವಾಗಿ ಬೇಕಾದಷ್ಟನ್ನು ಮಾತ್ರ ಎಣಿಸಿ, ಉಳಿದದ್ದು ನಿಮ್ಮ ತಾಣದಿಂದ ಹೊರಗೆ ಹೋಗದಂತೆ ನೋಡಿಕೊಳ್ಳಿ ಎನ್ನುತ್ತಿದ್ದೇನೆ. ಒಂದು ಸಂಜೆ ಬಿಡುವು ಮಾಡಿಕೊಂಡರೆ ಬಹುಪಾಲು ಕೆಲಸ ಮುಗಿಯುತ್ತದೆ.

ಮೊದಲು ಕಣ್ಣಾರೆ ನೋಡಿ

ಖಾಸಗಿತನದ ಬಗ್ಗೆ ನೂರು ಮಾತು ಓದುವುದಕ್ಕಿಂತ ಹತ್ತು ನಿಮಿಷ ಬ್ರೌಸರ್ ಒಳಗೆ ಇಣುಕಿ ನೋಡುವುದು ಮೇಲು. ಕಂಪ್ಯೂಟರ್‌ನಲ್ಲಿ ಹೊಸ ಪ್ರೈವೇಟ್ ವಿಂಡೋ ತೆರೆಯಿರಿ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಇದ್ದರೆ ಆಫ್ ಮಾಡಿ. ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಟ್ಯಾಬ್‌ಗೆ ಹೋಗಿ, ಆಮೇಲೆ ನಿಮ್ಮ ತಾಣದ ಒಂದು ಪುಟ ಲೋಡ್ ಮಾಡಿ. ಪುಟ ತೆರೆಯಲು ಬ್ರೌಸರ್ ಎಲ್ಲೆಲ್ಲಿಗೆ ಕೋರಿಕೆ ಕಳಿಸಿತು ಎಂಬುದು ಸಾಲಾಗಿ ಕಾಣುತ್ತದೆ. ಅದರಲ್ಲಿ ನಿಮ್ಮದಲ್ಲದ ಡೊಮೇನ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ನೀವು ಎಣಿಸಿದ್ದಕ್ಕಿಂತ ಪಟ್ಟಿ ಉದ್ದವಿರುತ್ತದೆ. ಅನಲಿಟಿಕ್ಸ್ ಜೊತೆಗೆ ಫಾಂಟ್ ಕೊಡುವ ಸರ್ವರ್, ಎಂಬೆಡ್ ಮಾಡಿದ ವೀಡಿಯೊ, ಶೇರ್ ಬಟನ್, ಯಾವುದೋ ಹಳೆಯ ಪ್ಲಗಿನ್ ಸೇರಿಸಿದ ಪಿಕ್ಸೆಲ್ (ಭೇಟಿಯ ಸುದ್ದಿ ಹೊರಗೆ ಕಳಿಸುವ, ಕಣ್ಣಿಗೆ ಕಾಣದ ಪುಟ್ಟ ಚಿತ್ರ), ಎಲ್ಲವೂ ಅಲ್ಲಿ ಸಿಗುತ್ತವೆ. ಫಾಂಟ್ ತಾನೇ ಎಂದು ತಳ್ಳಿಹಾಕಬೇಡಿ. ತಾಣವೊಂದು ಗೂಗಲ್ ಫಾಂಟ್ಸ್ ಅನ್ನು ನೇರವಾಗಿ ಗೂಗಲ್ ಸರ್ವರ್‌ನಿಂದ ತರಿಸಿಕೊಂಡು, ಹಾಗೆ ಓದುಗರೊಬ್ಬರ ಐಪಿ ವಿಳಾಸವನ್ನು (ಅವರ ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು) ಒಪ್ಪಿಗೆಯಿಲ್ಲದೆ ದಾಟಿಸಿತು ಎಂಬ ಕಾರಣಕ್ಕೆ, ಜರ್ಮನಿಯ ಮ್ಯೂನಿಕ್ ನ್ಯಾಯಾಲಯ 2022ರ ಜನವರಿಯಲ್ಲಿ 100 ಯೂರೊ ಪರಿಹಾರ ಕೊಡಿಸಿತು. ಫಾಂಟ್ ಫೈಲನ್ನು ನಿಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಂಡರೆ ಈ ತೊಂದರೆಯೇ ಇಲ್ಲ.

ಇನ್ನು ಗೂಗಲ್ ಅನಲಿಟಿಕ್ಸ್ ಬಳಸುತ್ತಿದ್ದರೆ, ಫಿಲ್ಟರ್ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಕಲೆಕ್ಟ್’ ಎಂದು ಟೈಪ್ ಮಾಡಿ. ಉಳಿಯುವ ಸಾಲಿನ ಮೇಲೆ ಕ್ಲಿಕ್ ಮಾಡಿ, ಪೇಲೋಡ್ ಭಾಗ ತೆರೆದು ನಿಧಾನವಾಗಿ ಓದಿ. ‘ಡಿಎಲ್’ ಎಂಬಲ್ಲಿ ಓದುಗರು ತೆರೆದ ಪುಟದ ವಿಳಾಸವಿದೆ. ‘ಡಿಟಿ’ ಆ ಪುಟದ ಶೀರ್ಷಿಕೆ. ‘ಡಿಆರ್’ ಅವರು ಯಾವ ಕೊಂಡಿ ಹಿಡಿದು ಬಂದರು ಎಂಬುದು. ‘ಯುಎಲ್’ ಬ್ರೌಸರ್‌ನ ಭಾಷೆ, ‘ಎಸ್‌ಆರ್’ ಪರದೆಯ ಅಳತೆ. ‘ಎಸ್‌ಸಿಟಿ’ ಇದು ಅವರ ಎಷ್ಟನೇ ಭೇಟಿ ಎಂದು ಹೇಳುತ್ತದೆ. ‘ಸಿಐಡಿ’ ಎಂಬುದು ಆ ಬ್ರೌಸರ್‌ಗೆ ಕೊಟ್ಟ ಗುರುತು ಸಂಖ್ಯೆ. ಆ ಸಂಖ್ಯೆ ಕುಕಿಯೊಂದರಲ್ಲಿ, ಅಂದರೆ ಬ್ರೌಸರ್ ಉಳಿಸಿಕೊಳ್ಳುವ ಪುಟ್ಟ ಟಿಪ್ಪಣಿಯಲ್ಲಿ ಕೂತಿರುತ್ತದೆ, ನೀವು ಬದಲಿಸದಿದ್ದರೆ ಅದರ ಆಯುಷ್ಯ ಎರಡು ವರ್ಷ. ಸಫಾರಿಯಂಥ ಬ್ರೌಸರ್‌ಗಳು ಸ್ಕ್ರಿಪ್ಟ್ ಇಟ್ಟ ಇಂಥ ಕುಕಿಯನ್ನು ಏಳು ದಿನಕ್ಕೇ ಅಳಿಸುತ್ತವೆ. ಉಳಿದ ಕಡೆ, ಇವತ್ತು ಬಂದವರೂ ಆರು ತಿಂಗಳ ನಂತರ ಬಂದವರೂ ಒಬ್ಬರೇ ಎಂದು ಈ ಸಂಖ್ಯೆಯಿಂದಲೇ ತಿಳಿಯುತ್ತದೆ.

ಐಪಿ ವಿಳಾಸ ಈ ಸಾಲಿನಲ್ಲಿ ಕಾಣದು. ಆದರೂ ಅದು ಹೋಗಿಯೇ ಹೋಗುತ್ತದೆ, ಯಾಕೆಂದರೆ ಅದಿಲ್ಲದೆ ಇಂಟರ್‌ನೆಟ್‌ನಲ್ಲಿ ಯಾವ ಕೋರಿಕೆಯೂ ತಲುಪುವುದಿಲ್ಲ. ಅನಲಿಟಿಕ್ಸ್‌ನ ಈಗಿನ ಆವೃತ್ತಿಯಾದ ಜಿಎ4 ಐಪಿಯಿಂದ ಊರು, ದೇಶವನ್ನು ಅಂದಾಜಿಸಿಕೊಂಡು, ವಿಳಾಸವನ್ನು ದಾಖಲಿಸದೆ ಬಿಡುತ್ತದೆ ಎಂದು ಗೂಗಲ್ ಹೇಳುತ್ತದೆ. ಎಲ್ಲ ಸೇವೆಗಳೂ ಹಾಗೆ ಮಾಡುವುದಿಲ್ಲ. ನೀವು ಬಳಸುವ ಸೇವೆ ಐಪಿಯನ್ನು ಏನು ಮಾಡುತ್ತದೆ ಎಂದು ಅವರ ದಾಖಲೆಗಳಲ್ಲಿ ಹುಡುಕಿ ಓದಿ. ಉತ್ತರ ಸಿಗದಿದ್ದರೆ ಅಂಥ ಸೇವೆಯನ್ನು ನಂಬಬೇಡಿ.

‘ಹೆಸರೇ ಇಲ್ಲವಲ್ಲ’ ಎಂಬ ಸಮಾಧಾನ ಸಾಲದು

ಇದರಲ್ಲಿ ಯಾರ ಹೆಸರೂ ಇಲ್ಲ, ಬರೀ ಸಂಖ್ಯೆ ಎನ್ನುವವರು ಬಹಳ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಇಂಟರ್‌ನೆಟ್ ಸೇವೆ ಎಒಎಲ್ ಕಂಪನಿಯೂ ಹಾಗೇ ಅಂದುಕೊಂಡಿತ್ತು. ಸುಮಾರು ಆರೂವರೆ ಲಕ್ಷ ಬಳಕೆದಾರರ ಎರಡು ಕೋಟಿಯಷ್ಟು ಹುಡುಕಾಟಗಳನ್ನು, ಹೆಸರಿನ ಜಾಗದಲ್ಲಿ ಸಂಖ್ಯೆ ಹಾಕಿ, ಸಂಶೋಧಕರಿಗೆ ಉಪಯೋಗವಾಗಲಿ ಎಂದು ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯ ಮನೆ ಬಾಗಿಲಿಗೇ ಹೋಗಿ ನಿಂತರು. ಆಕೆ ಹುಡುಕಿದ ಊರು, ಮನೆತನದ ಹೆಸರು, ಕಾಯಿಲೆಗಳನ್ನು ಒಂದರ ಪಕ್ಕ ಒಂದು ಇಟ್ಟದ್ದಷ್ಟೇ ಅವರು ಮಾಡಿದ ಕೆಲಸ.

ಕುಕಿ ಅಳಿಸಿದರೂ ಗುರುತು ಉಳಿಯಬಹುದು. ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ತನ್ನ ಪ್ರಯೋಗಕ್ಕೆ ಬಂದ ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ, ಫಾಂಟ್, ಪ್ಲಗಿನ್, ಪರದೆಯ ಅಳತೆ, ಸಮಯ ವಲಯದಂಥ ವಿವರಗಳ ಜೋಡಣೆಯಿಂದಲೇ 83.6 ಶೇಕಡಾ ಬ್ರೌಸರ್‌ಗಳು ಬೇರೆ ಯಾವುದನ್ನೂ ಹೋಲದೆ ಒಂಟಿಯಾಗಿ ಗುರುತು ಸಿಕ್ಕವು. ಒಂದೊಂದೇ ವಿವರ ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಕೂಡಿದಾಗ ಅದು ಒಬ್ಬ ಮನುಷ್ಯನತ್ತ ಬೆರಳು ತೋರಿಸುತ್ತದೆ.

ಯಾವ ಸಂಖ್ಯೆ ಬೇಕು, ಬರೆದಿಡಿ

ಒಂದು ಕಾಗದ ತೆಗೆದುಕೊಂಡು, ಕಳೆದ ವರ್ಷ ಅನಲಿಟಿಕ್ಸ್ ನೋಡಿ ನೀವು ನಿಜವಾಗಿ ಏನನ್ನು ಬದಲಿಸಿದಿರಿ ಎಂದು ಬರೆಯಿರಿ. ಹೆಚ್ಚಿನವರ ಪಟ್ಟಿ ಇಷ್ಟಕ್ಕೇ ಮುಗಿಯುತ್ತದೆ: ಯಾವ ಪುಟ ಹೆಚ್ಚು ಓದಿಸಿಕೊಂಡಿತು, ಯಾವ ತಾಣಗಳಿಂದ ಜನ ಬಂದರು, ಮೊಬೈಲ್‌ನವರು ಎಷ್ಟು, ಯಾವ ಕೊಂಡಿ ಮುರಿದಿದೆ. ಇವುಗಳಲ್ಲಿ ಒಂದಕ್ಕೂ ಓದುಗರೊಬ್ಬರನ್ನು ತಿಂಗಳುಗಟ್ಟಲೆ ಹಿಂಬಾಲಿಸಬೇಕಾಗಿಲ್ಲ. ವಯಸ್ಸು, ಲಿಂಗ, ಆಸಕ್ತಿಗಳ ವರದಿಗಳು ನೋಡಲು ಚೆಂದ. ಅವನ್ನು ನೋಡಿ ನೀವು ಏನೂ ಮಾಡಿಲ್ಲ ಎಂದಾದರೆ ಅವು ನಿಮಗೆ ಬೇಕಿಲ್ಲ. ಬೇಡದ್ದನ್ನು ‘ಮುಂದೆ ಉಪಯೋಗಕ್ಕೆ ಬಂದೀತು’ ಎಂದು ಕೂಡಿಡಬೇಡಿ. ಸಂಗ್ರಹಿಸದ ಮಾಹಿತಿಯೊಂದೇ ಎಂದೂ ಸೋರಿಕೆಯಾಗದು.

ಈ ಕಾಗದ ಜೋಪಾನವಾಗಿರಲಿ, ಮುಂದಿನ ಎಲ್ಲ ತೀರ್ಮಾನಕ್ಕೂ ಅದೇ ಆಧಾರ.

ಪುಟದ ವಿಳಾಸದಲ್ಲಿ ಏನೆಲ್ಲ ಅಡಗಿದೆ

ಅನುಭವಸ್ಥ ಡೆವಲಪರ್‌ಗಳೂ ಮರೆಯುವ ಜಾಗ ಇದು. ಅನಲಿಟಿಕ್ಸ್‌ಗೆ ಹೋಗುವುದು ಬರೀ ‘ಇಂಥ ಪುಟ’ ಎಂಬ ಸುದ್ದಿಯಲ್ಲ, ಪ್ರಶ್ನಾರ್ಥಕ ಚಿಹ್ನೆಯ ನಂತರದ ಬಾಲವೂ ಸೇರಿದ ವಿಳಾಸ. ಆ ಬಾಲದಲ್ಲಿ ಏನಿರುತ್ತದೆ ಎಂದು ಯೋಚಿಸಿ.

ಪಾಸ್‌ವರ್ಡ್ ಮರೆತವರಿಗೆ ಇಮೇಲ್‌ನಲ್ಲಿ ಕಳಿಸುವ ಕೊಂಡಿಯಲ್ಲಿ ಒಂದು ಟೋಕನ್ ಇರುತ್ತದೆ. ಆ ಪುಟದಲ್ಲಿ ಅನಲಿಟಿಕ್ಸ್ ಸ್ಕ್ರಿಪ್ಟ್ ಇದ್ದರೆ ಟೋಕನ್ ಸಮೇತ ವಿಳಾಸ ಹೊರಗೆ ಹೋಗುತ್ತದೆ. ಅಂದರೆ ಆ ಖಾತೆಯ ಬೀಗದ ಕೈ ಕೆಲಕಾಲದ ಮಟ್ಟಿಗಾದರೂ ಮೂರನೆಯವರ ದಾಖಲೆಯಲ್ಲಿದೆ. ನಿಮ್ಮ ತಾಣದ ಹುಡುಕು ಪೆಟ್ಟಿಗೆಯಲ್ಲಿ ಯಾರೋ ‘ಗರ್ಭಪಾತ’ ಎಂದೋ ‘ಸಾಲ ತೀರಿಸಲಾಗದಿದ್ದರೆ’ ಎಂದೋ ಟೈಪ್ ಮಾಡಿದರೆ ಆ ಪದಗಳೂ ವಿಳಾಸದಲ್ಲಿ ಸೇರುತ್ತವೆ. ಸುದ್ದಿಪತ್ರ ಕಳಿಸುವ ಕೆಲವು ಸಾಫ್ಟ್‌ವೇರ್‌ಗಳು ಪ್ರತಿ ಕೊಂಡಿಗೂ ಓದುಗರ ಇಮೇಲ್ ವಿಳಾಸವನ್ನೇ ಅಂಟಿಸುತ್ತವೆ. ಫಾರ್ಮ್ ತುಂಬಿದ ಮೇಲೆ ತೆರೆಯುವ ‘ಧನ್ಯವಾದ’ ಪುಟದ ವಿಳಾಸದಲ್ಲಿ ಹೆಸರು, ಫೋನ್ ಸಂಖ್ಯೆ ಉಳಿದಿರುವುದೂ ಉಂಟು. ವ್ಯಕ್ತಿಯನ್ನು ಗುರುತಿಸುವ ಇಂಥ ಮಾಹಿತಿ ಕಳಿಸಬಾರದೆಂದು ಗೂಗಲ್ ಅನಲಿಟಿಕ್ಸ್‌ನ ನಿಯಮಗಳೇ ಹೇಳುತ್ತವೆ. ಆದರೂ ವಿಳಾಸದ ಬಾಲವನ್ನು ಯಾರೂ ನೋಡದ ಕಾರಣ ಅದು ಹೋಗುತ್ತಲೇ ಇರುತ್ತದೆ.

ಹೀಗೆ ಸರಿಪಡಿಸಿ. ಅನಲಿಟಿಕ್ಸ್ ವರದಿಯಲ್ಲಿ ಪುಟಗಳ ವಿಳಾಸದ ಪಟ್ಟಿ ತೆರೆದು ‘@’ ಚಿಹ್ನೆಯನ್ನು ಹುಡುಕಿ, ಇಮೇಲ್‌ಗಳು ಇದ್ದರೆ ಅಲ್ಲೇ ಸಿಕ್ಕಿಬೀಳುತ್ತವೆ. ಆಮೇಲೆ ‘ಟೋಕನ್’, ‘ನೇಮ್’, ‘ಫೋನ್’ ಎಂಬ ಇಂಗ್ಲಿಷ್ ಪದಗಳನ್ನೂ ಹುಡುಕಿ. ಸಿಕ್ಕ ಪ್ರತಿಯೊಂದಕ್ಕೂ ಮೂಲದಲ್ಲೇ ಮದ್ದು ಮಾಡಿ: ಫಾರ್ಮ್ ಗೆಟ್ ವಿಧಾನದಲ್ಲಿದ್ದರೆ (ತುಂಬಿದ್ದನ್ನು ವಿಳಾಸದಲ್ಲೇ ಸೇರಿಸುವ ವಿಧಾನ) ಪೋಸ್ಟ್‌ಗೆ ಬದಲಿಸಿ, ಸುದ್ದಿಪತ್ರದ ಕೊಂಡಿಯಿಂದ ಇಮೇಲ್ ತೆಗೆಸಿ. ಜಿಎ4ನ ಡೇಟಾ ಸ್ಟ್ರೀಮ್ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಮತ್ತು ಆಯ್ದ ಪ್ಯಾರಾಮೀಟರ್‌ಗಳನ್ನು ಮರೆಮಾಚುವ ಸೌಲಭ್ಯವಿದೆ, ಅದನ್ನೂ ಆನ್ ಮಾಡಿ. ಆದರೆ ಅದೊಂದನ್ನೇ ನೆಚ್ಚಬೇಡಿ, ಅದಕ್ಕೆ ಇಮೇಲ್ ಗೊತ್ತಾಗುತ್ತದೆ, ನಿಮ್ಮ ತಾಣದ ಗುಟ್ಟುಗಳು ಗೊತ್ತಾಗುವುದಿಲ್ಲ.

ಕೆಲವು ಪುಟಗಳಲ್ಲಿ ಎಣಿಕೆಯೇ ಬೇಡ

ಲಾಗಿನ್, ಪಾಸ್‌ವರ್ಡ್ ಬದಲಾವಣೆ, ಹಣ ಪಾವತಿ, ದೂರು ಸಲ್ಲಿಕೆ, ಆರೋಗ್ಯ, ಆಪ್ತಸಲಹೆ, ಕಾನೂನು ನೆರವು, ಮಕ್ಕಳ ವಿಭಾಗ. ಈ ಪುಟಗಳಲ್ಲಿ ಮೂರನೆಯವರ ಸ್ಕ್ರಿಪ್ಟ್ ಒಂದೂ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಪುಟ ತೆರೆದದ್ದೇ ಒಂದು ಗುಟ್ಟು. ಅಮೆರಿಕದಲ್ಲಿ ಔಷಧಿ ರಿಯಾಯಿತಿ ಸೇವೆ ಗುಡ್‌ಆರ್‌ಎಕ್ಸ್, ಬಳಕೆದಾರರ ಆರೋಗ್ಯ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮುಂತಾದವರೊಂದಿಗೆ ಹಂಚಿಕೊಂಡಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರುವರಿಯಲ್ಲಿ ಕ್ರಮ ಕೈಗೊಂಡಿತು, ಕಂಪನಿ 15 ಲಕ್ಷ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಅದೇ ವರ್ಷ ಆನ್‌ಲೈನ್ ಆಪ್ತಸಲಹೆ ಕೊಡುವ ಬೆಟರ್‌ಹೆಲ್ಪ್ ಇಂಥದೇ ಆರೋಪದಲ್ಲಿ 78 ಲಕ್ಷ ಡಾಲರ್ ಕೊಡಬೇಕಾಯಿತು. ಎರಡೂ ಕಡೆ ಪಿಕ್ಸೆಲ್ ಮತ್ತು ಟ್ರ್ಯಾಕಿಂಗ್ ಕೋಡ್‌ನ ಕೈವಾಡವೂ ಇತ್ತು.

ಭೇಟಿಯನ್ನು ಪೂರ್ತಿ ವೀಡಿಯೊದಂತೆ ಮತ್ತೆ ನೋಡಲು ಬಿಡುವ ಸೆಷನ್ ರೀಪ್ಲೇ ಉಪಕರಣಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇವು ಮೌಸ್ ಚಲನೆ, ಸ್ಕ್ರಾಲ್, ಕೀಲಿಯೊತ್ತನ್ನೂ ಹಿಡಿಯುತ್ತವೆ. ಫಾರ್ಮ್‌ನಲ್ಲಿ ಟೈಪ್ ಮಾಡಿ, ಸಲ್ಲಿಸದೆ ಅಳಿಸಿದ್ದೂ ಕೂಡ ದಾಖಲಾಗಬಲ್ಲದು ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತೋರಿಸಿದರು. ಹೇಳಬೇಕೆಂದು ಹೊರಟು, ಬೇಡವೆಂದು ತಡೆದ ಮಾತನ್ನು ಕದ್ದು ಕೇಳುವ ಹಕ್ಕು ಯಾವ ತಾಣಕ್ಕೂ ಇಲ್ಲ. ಪುಟ ಬಳಸಲು ಎಲ್ಲಿ ತೊಡಕಾಗುತ್ತಿದೆ ಎಂದು ತಿಳಿಯಬೇಕಾದರೆ ನಾಲ್ಕು ಜನರನ್ನು ಕೂರಿಸಿ, ಅವರ ಒಪ್ಪಿಗೆ ಪಡೆದು, ಅವರು ಬಳಸುವುದನ್ನು ನೋಡಿ.

ಟ್ಯಾಗ್ ಮ್ಯಾನೇಜರ್ ಬಳಸುವ ಸಂಸ್ಥೆಗಳಿಗೆ ಇನ್ನೊಂದು ಮಾತು. ಅದರ ಮೂಲಕ ಮಾರ್ಕೆಟಿಂಗ್ ವಿಭಾಗದವರು ಡೆವಲಪರ್‌ಗೆ ಹೇಳದೆಯೇ ಹೊಸ ಸ್ಕ್ರಿಪ್ಟ್ ಸೇರಿಸಬಹುದು. ಸೇರಿದ ಸ್ಕ್ರಿಪ್ಟ್‌ಗೆ ಪುಟದಲ್ಲಿರುವುದನ್ನೆಲ್ಲ ಓದುವ ಅಧಿಕಾರ ಸಿಗುತ್ತದೆ. ಯಾರಿಗೆ ಪ್ರಕಟಿಸುವ ಅನುಮತಿ ಇದೆ ಎಂದು ಇವತ್ತೇ ನೋಡಿ. ಸಾಧ್ಯವಾದರೆ ಕಂಟೆಂಟ್ ಸೆಕ್ಯೂರಿಟಿ ಪಾಲಿಸಿ ಹೆಡರ್ ಹಾಕಿ, ಬ್ರೌಸರ್ ಯಾವ ಡೊಮೇನ್‌ಗಳಿಗೆ ಮಾತ್ರ ಮಾಹಿತಿ ಕಳಿಸಬಹುದು ಎಂದು ಕಟ್ಟುಹಾಕಿ.

ಗೂಗಲ್ ಅನಲಿಟಿಕ್ಸ್‌ನಲ್ಲೇ ಉಳಿಯುವುದಾದರೆ

ಅಡ್ಮಿನ್ ವಿಭಾಗ ತೆರೆಯಿರಿ. ಅಕೌಂಟ್ ಸೆಟ್ಟಿಂಗ್ಸ್ ಒಳಗೆ ಡೇಟಾ ಹಂಚಿಕೆಯ ಚೌಕಗಳಿವೆ, ನಿಮ್ಮ ಅಂಕಿಅಂಶವನ್ನು ಗೂಗಲ್‌ನ ಇತರ ಉತ್ಪನ್ನಗಳಿಗೂ ಒಳನೋಟಗಳಿಗೂ ಬಳಸಲು ಅನುಮತಿ ಕೊಡುವಂಥವು. ಗುರುತು ತೆಗೆಯಿರಿ, ನಿಮ್ಮ ಮಾಮೂಲಿ ವರದಿಗೆ ಧಕ್ಕೆಯಿಲ್ಲ. ಡೇಟಾ ಕಲೆಕ್ಷನ್‌ನಲ್ಲಿ ಗೂಗಲ್ ಸಿಗ್ನಲ್ಸ್ ಆಫ್ ಇರಲಿ, ಅದು ಆನ್ ಇದ್ದರೆ ಗೂಗಲ್‌ಗೆ ಲಾಗಿನ್ ಆಗಿ ಜಾಹೀರಾತು ವೈಯಕ್ತೀಕರಣ ಒಪ್ಪಿದವರ ಮಾಹಿತಿಯ ಜೊತೆ ಭೇಟಿಗಳು ಬೆಸೆದುಕೊಳ್ಳುತ್ತವೆ. ಸೂಕ್ಷ್ಮ ಸ್ಥಳ ಮತ್ತು ಸಾಧನದ ವಿವರ ಸಂಗ್ರಹವನ್ನೂ ಅಲ್ಲೇ ನಿಲ್ಲಿಸಬಹುದು. ಡೇಟಾ ರಿಟೆನ್ಶನ್, ಅಂದರೆ ಮಾಹಿತಿ ಇಟ್ಟುಕೊಳ್ಳುವ ಅವಧಿ, ಎರಡು ತಿಂಗಳಿಗೆ ಇರಲಿ. ಹದಿನಾಲ್ಕಕ್ಕೆ ಏರಿಸಿ ಎಂದು ಸಲಹೆ ಕೊಡುವವರು ಹೆಚ್ಚು, ಆದರೆ ಪುಟಗಳ ಒಟ್ಟು ಎಣಿಕೆಯ ಮಾಮೂಲಿ ವರದಿಗಳು ಎರಡು ತಿಂಗಳಾದ ಮೇಲೂ ಇರುತ್ತವೆ, ಅಳಿಯುವುದು ಒಬ್ಬೊಬ್ಬ ಬಳಕೆದಾರರಿಗೆ ಅಂಟಿದ ವಿವರ. ನಿಮ್ಮ ಕಾಗದದ ಪಟ್ಟಿಗೆ ಅಷ್ಟು ಸಾಕು. ಜಾಹೀರಾತು ಖಾತೆಯ ಜೊತೆ ಜೋಡಣೆ ಇದ್ದು ನೀವು ಜಾಹೀರಾತು ಕೊಡದವರಾದರೆ ಬಿಡಿಸಿಬಿಡಿ.

ಬೇರೆ ದಾರಿಗಳು

ಎಲ್ಲಕ್ಕಿಂತ ಸರಳವಾದದ್ದು ಈಗಾಗಲೇ ನಿಮ್ಮ ಬಳಿ ಇದೆ: ಸರ್ವರ್‌ನ ಆಕ್ಸೆಸ್ ಲಾಗ್. ಸರ್ವರ್ ತಂತ್ರಾಂಶಗಳಾದ ಅಪಾಚಿ, ಎಂಜಿನ್‌ಎಕ್ಸ್ ಎರಡೂ ಪ್ರತಿ ಕೋರಿಕೆಯನ್ನು ತಾವಾಗಿಯೇ ಬರೆದಿಡುತ್ತವೆ. ಗೋಆಕ್ಸೆಸ್ ಎಂಬ ಮುಕ್ತ ತಂತ್ರಾಂಶ ಆ ಕಡತವನ್ನು ಓದಿ ಪುಟ, ಮೂಲ, ಮುರಿದ ಕೊಂಡಿಗಳ ವರದಿ ಕೊಡುತ್ತದೆ. ಓದುಗರ ಬ್ರೌಸರ್‌ನಲ್ಲಿ ಒಂದು ಸಾಲು ಕೋಡೂ ಓಡುವುದಿಲ್ಲ. ಬಾಟ್‌ಗಳು ಲೆಕ್ಕದಲ್ಲಿ ಸೇರಿಕೊಳ್ಳುವುದು ಇದರ ಕೊರತೆ. ಲಾಗ್‌ನಲ್ಲೂ ಐಪಿ ವಿಳಾಸ ಇರುತ್ತದೆಂಬುದನ್ನು ಮರೆಯದೆ, ಹಳೆಯ ಕಡತಗಳು ಕೆಲವು ವಾರಗಳಲ್ಲಿ ತಾವಾಗಿಯೇ ಅಳಿಯುವಂತೆ ಲಾಗ್‌ರೊಟೇಟ್ ಹೊಂದಿಸಿ.

ಇನ್ನಷ್ಟು ವಿವರ ಬೇಕಾದವರಿಗೆ ಮಟೊಮೊ ಇದೆ. 2007ರಲ್ಲಿ ಪಿವಿಕ್ ಎಂಬ ಹೆಸರಿನಲ್ಲಿ ಶುರುವಾದ ಈ ತಂತ್ರಾಂಶವನ್ನು ನಿಮ್ಮದೇ ಸರ್ವರ್‌ನಲ್ಲಿ ಸ್ಥಾಪಿಸಬಹುದು, ಐಪಿ ವಿಳಾಸದ ಕೊನೆಯ ಭಾಗಗಳನ್ನು ಅಳಿಸಿ ದಾಖಲಿಸಬಹುದು, ಕುಕಿ ಇಲ್ಲದೆಯೂ ನಡೆಸಬಹುದು. ಪ್ಲಾಸಿಬಲ್, ಉಮಾಮಿ, ಗೋಟ್‌ಕೌಂಟರ್ ಇನ್ನೂ ಹಗುರ.

ಕುಕಿ ಇಲ್ಲದೆ ಒಬ್ಬರನ್ನು ಎರಡು ಸಲ ಎಣಿಸದಿರುವುದು ಹೇಗೆ ಎಂಬುದು ಒಳ್ಳೆಯ ಪ್ರಶ್ನೆ. ಪ್ಲಾಸಿಬಲ್ ಮಾಡುವುದು ಹೀಗೆ: ಐಪಿ ವಿಳಾಸ, ಬ್ರೌಸರ್ ವಿವರ, ತಾಣದ ಹೆಸರು, ಜೊತೆಗೆ ಆ ದಿನದ ಮಟ್ಟಿಗೆ ಮಾತ್ರ ಇರುವ ಒಂದು ಯಾದೃಚ್ಛಿಕ ಗುಟ್ಟು ಪದ, ನಾಲ್ಕನ್ನೂ ಸೇರಿಸಿ ಹ್ಯಾಶ್ ಮಾಡುತ್ತದೆ, ಅಂದರೆ ನೇರವಾಗಿ ಹಿಂದಕ್ಕೆ ಬಿಡಿಸಲಾಗದ ಸಂಕೇತವಾಗಿ ಬದಲಿಸುತ್ತದೆ. 24 ಗಂಟೆಗೊಮ್ಮೆ ಆ ಗುಟ್ಟು ಪದವನ್ನು ಅಳಿಸಿ ಹೊಸದನ್ನು ತರುತ್ತದೆ. ಹಾಗಾಗಿ ನಿನ್ನೆಯ ಓದುಗರೂ ಇವತ್ತಿನ ಓದುಗರೂ ಒಬ್ಬರೇ ಎಂದು ಆ ಸೇವೆಗೂ ತಿಳಿಯದು. ಅಳಿಸುವುದೇ ಇಲ್ಲಿನ ಜೀವಾಳ. ‘ನಾವು ಐಪಿಯನ್ನು ಹ್ಯಾಶ್ ಮಾಡುತ್ತೇವೆ’ ಎಂದಷ್ಟೇ ಹೇಳುವ ಸೇವೆಯನ್ನು ನಂಬಬೇಡಿ. ಐಪಿವಿ4 ವಿಳಾಸಗಳಿರುವುದೇ ಸುಮಾರು 430 ಕೋಟಿ. ಅಷ್ಟನ್ನೂ ಹ್ಯಾಶ್ ಮಾಡಿ ತಾಳೆ ನೋಡುವುದು ಇಂದಿನ ಕಂಪ್ಯೂಟರ್‌ಗೆ ದೊಡ್ಡ ಕೆಲಸವಲ್ಲ.

ಅನಲಿಟಿಕ್ಸ್ ಸ್ಕ್ರಿಪ್ಟನ್ನು ನಿಮ್ಮದೇ ಉಪಡೊಮೇನ್ ಮೂಲಕ ಹಾಯಿಸಿ ಬ್ಲಾಕರ್‌ಗಳ ಕಣ್ಣು ತಪ್ಪಿಸುವ ಉಪಾಯ ಹೇಳಿಕೊಡುವವರಿದ್ದಾರೆ. ಮಾಡಬೇಡಿ. ಬ್ಲಾಕರ್ ಹಾಕಿಕೊಂಡವರು ಬೇಡ ಎಂದು ಸ್ಪಷ್ಟವಾಗಿ ಹೇಳಿದ್ದಾರೆ.

ಒಪ್ಪಿಗೆ ಕೇಳುವುದಾದರೆ ನಿಜವಾಗಿ ಕೇಳಿ

ಯುರೋಪಿನ ಓದುಗರನ್ನು ಉದ್ದೇಶಿಸಿದ ತಾಣಗಳಿಗೆ, ಅವುಗಳ ಒಡೆಯರು ಎಲ್ಲೇ ಇರಲಿ, 2018ರಿಂದ ಜಾರಿಯಲ್ಲಿರುವ ಯುರೋಪಿನ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ ಅನ್ವಯಿಸುತ್ತದೆ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿದೆ. ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡಲಿಲ್ಲ ಎಂದು ಫ್ರಾನ್ಸ್‌ನ ಮಾಹಿತಿ ರಕ್ಷಣಾ ಪ್ರಾಧಿಕಾರ ಸಿಎನ್‌ಐಎಲ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿತು. ನಿಮಗೆ ಆ ಕಾನೂನು ಅನ್ವಯಿಸದಿದ್ದರೂ ಅದರ ತಿರುಳು ನ್ಯಾಯವಾದದ್ದೇ: ‘ಒಪ್ಪುತ್ತೇನೆ’, ‘ಬೇಡ’ ಎರಡೂ ಬಟನ್ ಒಂದೇ ಗಾತ್ರದಲ್ಲಿ, ಒಂದೇ ಜಾಗದಲ್ಲಿರಲಿ.

ಒಪ್ಪಿಗೆ ಕೇಳುವ ಬ್ಯಾನರ್ ಹಾಕಿದ ಮೇಲೆ ಮತ್ತೆ ಎಫ್12 ಒತ್ತಿ ಪರೀಕ್ಷಿಸಿ. ಏನನ್ನೂ ಒತ್ತುವ ಮೊದಲೇ ಕಲೆಕ್ಟ್ ಸಾಲು ಹೊರಟಿದ್ದರೆ ಬ್ಯಾನರ್ ಬರೀ ಅಲಂಕಾರ. ‘ಬೇಡ’ ಒತ್ತಿ ಇನ್ನೊಮ್ಮೆ ನೋಡಿ. ನನ್ನ ಮಾಹಿತಿ ಮಾರಬೇಡಿ, ಹಂಚಬೇಡಿ ಎಂದು ಬ್ರೌಸರ್ ಕಳಿಸುವ ಗ್ಲೋಬಲ್ ಪ್ರೈವಸಿ ಕಂಟ್ರೋಲ್ ಸಂಕೇತವನ್ನೂ ‘ಬೇಡ’ ಎಂದೇ ಓದಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಲೆಕ್ಕಿಸದ ಸೆಫೊರಾ ಕಂಪನಿ 2022ರಲ್ಲಿ 12 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು.

ನಿಮ್ಮ ಗುಟ್ಟೂ ಇದರಲ್ಲಿದೆ

ಅನಲಿಟಿಕ್ಸ್ ಐಡಿ ಪುಟದ ಮೂಲ ಕೋಡ್‌ನಲ್ಲಿ ಯಾರಿಗೆ ಬೇಕಾದರೂ ಕಾಣುತ್ತದೆ. ನಿಮ್ಮ ಹೆಸರಿನ ತಾಣಕ್ಕೂ, ಹೆಸರು ಹೇಳದೆ ನಡೆಸುವ ತಾಣಕ್ಕೂ ಒಂದೇ ಐಡಿ ಹಾಕಿದ್ದರೆ ಎರಡೂ ನಿಮ್ಮವೇ ಎಂದು ಪತ್ತೆಯಾಗಬಲ್ಲದು. ತಂತ್ರಜ್ಞಾನ ಬರಹಗಾರ ಆಂಡಿ ಬಾಯೊ 2011ರಲ್ಲೇ ಇದನ್ನು ತೋರಿಸಿದ್ದರು. ಐಡಿಗಳನ್ನು ತಾಳೆ ನೋಡುವ ಉಪಕರಣಗಳು ಈಗ ಸುಲಭವಾಗಿ ಸಿಗುತ್ತವೆ, ಹಳೆಯ ಪುಟಗಳು ವೆಬ್ ಆರ್ಕೈವ್‌ಗಳಲ್ಲಿ ಉಳಿದಿರುತ್ತವೆ. ಒಮ್ಮೆ ಹಾಕಿದ ಐಡಿಯನ್ನು ತೆಗೆದರೂ ಕುರುಹು ಹೋಗದು. ಅನಾಮಧೇಯ ತಾಣಕ್ಕೆ ಮೊದಲ ದಿನದಿಂದಲೇ ಸರ್ವರ್ ಲಾಗ್ ಮಾತ್ರ ಬಳಸಿ.

ಕೊನೆಗೆ, ನಿಮ್ಮ ಅಂಕಿಅಂಶ ಯಾರ್ಯಾರ ಕೈಸೇರಿದೆ ಎಂದು ನೋಡಿ. ಹುಡುಕಾಟದಲ್ಲಿ ತಾಣ ಮೇಲೆ ಬರುವಂತೆ ಮಾಡುವ ಎಸ್‌ಇಒ ಉಪಕರಣ, ರ‍್ಯಾಂಕಿಂಗ್ ಸೇವೆ, ಉಚಿತ ಡ್ಯಾಶ್‌ಬೋರ್ಡ್ ಎಂದು ಒಮ್ಮೆ ಪ್ರಯತ್ನಿಸಲು ಕೊಟ್ಟ ಅನುಮತಿಗಳು ವರ್ಷಗಟ್ಟಲೆ ಹಾಗೇ ಇರುತ್ತವೆ. ನಿಮ್ಮ ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ, ಮೂರನೆಯವರ ಆ್ಯಪ್‌ಗಳ ಪಟ್ಟಿಯಲ್ಲಿ ಅವೆಲ್ಲ ಸಿಗುತ್ತವೆ. ಬಳಸದವನ್ನು ಅಲ್ಲೇ ತೆಗೆಯಿರಿ, ಬಳಸುವವಕ್ಕೆ ಓದುವ ಅನುಮತಿ ಮಾತ್ರ ಉಳಿಸಿ. ಅನಲಿಟಿಕ್ಸ್‌ನ ಬಳಕೆದಾರರ ಪಟ್ಟಿಯಲ್ಲಿ ಬಿಟ್ಟುಹೋದ ಸಹೋದ್ಯೋಗಿ, ಹಳೆಯ ಏಜೆನ್ಸಿಯ ಇಮೇಲ್ ಇದ್ದರೆ ತೆಗೆದುಹಾಕಿ. ಇನ್ನು ಬಳಸದ ಪ್ರಾಪರ್ಟಿ (ಅನಲಿಟಿಕ್ಸ್‌ನಲ್ಲಿ ಒಂದು ತಾಣದ ಅಂಕಿಅಂಶ ಇರುವ ವಿಭಾಗ) ಉಳಿದಿದ್ದರೆ ಬೇಕಾದ ಒಟ್ಟು ಸಂಖ್ಯೆಗಳನ್ನು ಒಂದು ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಂಡು ಅದನ್ನು ಅಳಿಸಿ. ಆಮೇಲೆ ತಾಣದ ಖಾಸಗಿತನ ನೀತಿಯ ಪುಟ ತೆರೆದು, ನೀವು ಈಗ ಏನನ್ನು ಎಣಿಸುತ್ತೀರಿ, ಯಾವ ಸೇವೆಯಲ್ಲಿ, ಎಷ್ಟು ದಿನ ಇಡುತ್ತೀರಿ, ಬೇಡವೆನ್ನುವವರು ಏನು ಮಾಡಬೇಕು ಎಂಬುದನ್ನು ಓದುಗರಿಗೆ ಅರ್ಥವಾಗುವ ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.